ಗೋಹರ್‌ಬಾಯಿಯ ಮೇಲಿನ ಆರೋಪ

ಬನಹಟ್ಟಿಯ ನಮ್ಮ ಓಣಿಯಲ್ಲಿ ಪವರ್‌ಲೂಮ್ ಸದ್ದು ನಿಂತ ರಾತ್ರಿಗಳಲ್ಲಿ ಸೋದರಮಾವ ಬಾಲಗಂಧರ್ವರ ಕ್ಯಾಸೆಟ್ ಹಚ್ಚುತ್ತಿದ್ದರು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳಿದ ಸೀಮೆ ನಮ್ಮದು. ಮರಾಠಿ ರಂಗಗೀತೆ ಇಲ್ಲಿ ಹೊರಗಿನದೆನಿಸುವುದಿಲ್ಲ. ಹಾಡು ಮುಗಿದ ಮೇಲೆ ಮಾವನ ಮಾತೂ ಪ್ರತಿಸಲ ಒಂದೇ: “ಎಂಥಾ ಕಲಾವಿದನೋ ತಮ್ಮಾ. ನಮ್ಮ ಬೀಳಗಿ ಕಡೀ ಹೆಣಮಗಳು ಹೋಗಿ ಅವನ ಕಂಪನಿ ಮುಳಗಿಸಿದ್ಲು.”

ಆ ಹೆಣ್ಣುಮಗಳು ಗೋಹರ್‌ಬಾಯಿ ಕರ್ನಾಟಕಿ. ಆಕೆಯ ಸೋದರಿ ಅಮೀರ್‌ಬಾಯಿ ಮುಂಬಯಿಯ ಚಿತ್ರಗಳಲ್ಲಿ ನಟಿಸಿ, 1943ರ ‘ಕಿಸ್ಮತ್’ನ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತಳಾದವಳು. ಅಮೀರ್‌ಬಾಯಿಯೆಂದರೆ ಮಾವನಿಗೆ ‘ನಮ್ಮಾಕಿ’. ಗೋಹರ್ ಮಾತ್ರ ‘ಆಕಿ’.

ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಜಮಖಂಡಿಯಲ್ಲಿ ಕಾಲೇಜು ಓದುವಾಗ ಒಂದು ಪ್ರಬಂಧದಲ್ಲಿ ಅದನ್ನೇ ಬರೆದು ಬಹುಮಾನವನ್ನೂ ಪಡೆದೆ. ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ್ದು ಆಮೇಲೆ. ಗಂಧರ್ವ ನಾಟಕ ಮಂಡಳಿ ಶುರುವಾದದ್ದು 1913ರಲ್ಲಿ. ಸ್ತ್ರೀಪಾತ್ರಗಳಿಗೆ ಹೆಸರಾದ ಈ ಗಂಡಸು ಸೀರೆ, ಅತ್ತರು, ರಂಗಸಜ್ಜಿಕೆಗಳಿಗೆ ಲೆಕ್ಕವಿಲ್ಲದೆ ಸುರಿದ. ಸಾಲ ಮೊದಲಿನಿಂದಲೂ ಬೆನ್ನಿಗಿತ್ತು. 1931ರಲ್ಲಿ ‘ಆಲಂ ಆರಾ’ ಬಂದು ಸಿನೆಮಾ ಮಾತಾಡತೊಡಗಿದ ಮೇಲೆ ನಾಟಕದ ಪ್ರೇಕ್ಷಕರು ಆ ಕಡೆ ಹೊರಳಿದರು. 1935ರಲ್ಲಿ ಆತನೇ ಪ್ರಭಾತ್‌ನವರ ‘ಧರ್ಮಾತ್ಮ’ದಲ್ಲಿ ಏಕನಾಥನಾದ, ಗಂಡುಪಾತ್ರದಲ್ಲಿ. ಗೋಹರ್ ಕಂಪನಿಗೆ ಬಂದದ್ದು 1938ರಲ್ಲಿ. ಮಾಳಿಗೆ ಸೋರತೊಡಗಿದ ಮೇಲೆ ಒಳಗೆ ಕಾಲಿಟ್ಟವಳ ಮೇಲೆ ಮಳೆಯ ತಪ್ಪನ್ನೂ ಹೊರಿಸಿದೆವು.

ಅಷ್ಟು ಸುಲಭವಾಗಿ ಹೊರಿಸಲು ಏನೇನು ಒದಗಿತು ನೋಡಿ: ಆಕೆ ಮುಸ್ಲಿಮಳು, ಕನ್ನಡ ಸೀಮೆಯವಳು, ಹಾಡಿ ಉಣ್ಣುವ ಮನೆಯವಳು. ಸಾಲದ್ದಕ್ಕೆ, ಗಂಡಸೊಬ್ಬ ಮಾದರಿ ಮಾಡಿಟ್ಟ ಹೆಣ್ಣಿನ ಜಾಗದಲ್ಲಿ ನಿಂತ ನಿಜವಾದ ಹೆಣ್ಣು. ಅವನ ಖರ್ಚಿಗೆ ರಸಿಕತೆ ಎನ್ನುತ್ತೇವೆ. ಆಕೆಯ ಇರವೇ ದುಂದು.

ಇದನ್ನೆಲ್ಲ ಮಾವನ ಮುಂದೆ ಹೇಳಿದೆ. “ಹಂಗಾದ್ರ ಅವಾ ಯಾಕ ಮುಳಗಿದ?” ಎಂದರು. ಇಸವಿಗಳಿಂದ ಅವರ ಮನಸ್ಸು ಕದಲಲಿಲ್ಲ. ಆಗ ನಾನು ಬೇರೆ ಅಸ್ತ್ರ ತೆಗೆದೆ: 1951ರಲ್ಲಿ ಅವರಿಬ್ಬರ ಮದುವೆಯಾಯಿತು, ಆತನ ಕಾಲು ಸ್ವಾಧೀನ ತಪ್ಪಿದಾಗ ನೋಡಿಕೊಂಡವಳು ಆಕೆಯೇ, 1964ರಲ್ಲಿ ತಾನೇ ಮೊದಲು ತೀರಿಕೊಂಡಳು, ಆತ ಹೋದದ್ದು 1967ರಲ್ಲಿ. ಮಾವ ತುಸು ಹೊತ್ತು ಸುಮ್ಮನಿದ್ದು, “ಹಂಗಾದ್ರ ಛಲೋ ಹೆಣಮಗಳ ಬಿಡು” ಎಂದರು.

ಗೆದ್ದೆನೆಂದು ಮಲಗಿದೆ. ಬೆಳಿಗ್ಗೆಯ ಹೊತ್ತಿಗೆ ಗೆಲುವು ಹಳಸಿತ್ತು. ಆಕೆ ಸೇವೆ ಮಾಡದೆ ಬಿಟ್ಟುಹೋಗಿದ್ದರೆ ಆರೋಪ ನಿಜವಾಗಿಬಿಡುತ್ತಿತ್ತೇ? ಮಾಡದ ತಪ್ಪಿಗೂ ಹೆಣ್ಣು ಗಂಡನ ಕಾಲೊತ್ತಿ ಖುಲಾಸೆ ಪಡೆಯಬೇಕೇ? ಮಾವ ಆಕೆಯನ್ನು ಮನೆಮುರುಕಿ ಮಾಡಿದ್ದರು, ನಾನು ದಾದಿ ಮಾಡಿದೆ. ರಂಗವನ್ನೇರಿ ಹಾಡಿದ, ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ ಗಾಯಕಿ ಇಬ್ಬರ ವಾದದಲ್ಲೂ ಎಲ್ಲಿಯೂ ಇರಲಿಲ್ಲ. ನನಗೆ ಹೆಚ್ಚು ನಾಚಿಕೆಯಾದದ್ದು ನನ್ನ ವಾದದ ಬಗ್ಗೆಯೇ. ಮಾವನದು ಬರೀ ಸಿಟ್ಟು, ನನ್ನದರಲ್ಲಿ ಉಪಕಾರದ ಠೀವಿಯಿತ್ತು.

ಮೊನ್ನೆ ಊರಿಗೆ ಹೋದಾಗ ಅದೇ ಕ್ಯಾಸೆಟ್ ಓಡುತ್ತಿತ್ತು. ಮುಗಿಯಲೆಂದು ಕಾದು, “ಮಾಮಾ, ಗೋಹರ್‌ಬಾಯಿದೊಂದು ಕೇಳೂಣೇನು?” ಎಂದು ಮೊಬೈಲ್ ತೆಗೆದೆ.

ಮಾವ ಅಚ್ಚರಿಯಿಂದ ನನ್ನ ಕಡೆ ತಿರುಗಿದರು.

“ಆಕಿ ಹಾಡೂ ಅದಾವ?”