ಸೇವೆಯ ಬೆಲೆಯೂ ಸೇವೆಯ ಮನ್ನಣೆಯೂ

ಶರಣಧರ್ಮದ ಸಾರವನ್ನು ಎರಡೇ ಮಾತುಗಳಲ್ಲಿ ಹೇಳಬೇಕಾದಾಗ ಕಾಯಕ, ದಾಸೋಹ ಎಂದು ಹೇಳುವುದು ವಾಡಿಕೆ. ಇವೆರಡನ್ನೂ ಒಂದೇ ಉಸಿರಿನಲ್ಲಿ ಉಚ್ಚರಿಸುವ ಅಭ್ಯಾಸದಿಂದ ಇವುಗಳ ನಡುವಣ ಅಂತರವು ಎಷ್ಟೋ ಜನರ ಗಮನದಿಂದ ಜಾರಿಹೋಗಿದೆ. ಕಾಯಕಕ್ಕೆ ಪ್ರತಿಫಲವುಂಟು. ನುಲಿಯ ಚಂದಯ್ಯನು ಹೊಸೆದ ಹಗ್ಗಕ್ಕೆ ಬೆಲೆಯಿತ್ತು. ದುಡಿದವನಿಗೆ ದುಡಿಮೆಯ ಫಲ ಸಲ್ಲದಿರುವುದು ಅಧರ್ಮವೆಂಬುದನ್ನು ಶರಣರು ಬಲ್ಲವರಾಗಿದ್ದರು. ದಾಸೋಹಕ್ಕಾದರೋ ಪ್ರತಿಫಲವಿಲ್ಲ. ಪ್ರತಿಫಲವನ್ನು ಬಯಸಿ ಮಾಡಿದುದು ವ್ಯಾಪಾರ. ಕೀರ್ತಿಯನ್ನು ಬಯಸಿ ಕೊಟ್ಟುದು ದಾನ. ಕೊಡುವವನು ತಾನೆಂಬ ಭಾವವೇ ಅಳಿದು ಸಲ್ಲಿಸಿದುದು ದಾಸೋಹ. ಈ ವಿವೇಕವು ಕಲ್ಯಾಣದ ಕಾಲಕ್ಕೆ ಮಾತ್ರ ಬೇಕಾಗಿದ್ದುದಲ್ಲ. ಹೊಸ ಕಾಲವು ಹೊಸ ವೇಷದಲ್ಲಿ ಅದೇ ಪ್ರಶ್ನೆಯನ್ನು ತಂದು ಮುಂದಿರಿಸಿದೆ.

ಇಂದು ಅಂತರ್ಜಾಲದಲ್ಲಿ ಲಕ್ಷಾಂತರ ಜನರು ಸಂಬಳವಿಲ್ಲದೆ ದುಡಿಯುತ್ತಿದ್ದಾರೆ. 2001ರಲ್ಲಿ ಇಂಗ್ಲಿಷಿನಲ್ಲಿ ಆರಂಭವಾಗಿ 2003ರಲ್ಲಿ ಕನ್ನಡಕ್ಕೂ ಬಂದ ವಿಕಿಪೀಡಿಯವೆಂಬ ವಿಶ್ವಕೋಶವನ್ನು ಬರೆಯುತ್ತಿರುವವರು ಇಂತಹ ಸ್ವಯಂಸೇವಕರೇ. ಗಣಕಯಂತ್ರದ ಕ್ರಮವಿಧಿಗಳನ್ನು ಬರೆಯುವವರಿಗೆ ಸಂದೇಹ ಬಂದಾಗ ಅದನ್ನು ಪರಿಹರಿಸುವವರೂ, ಪರಸ್ಪರ ಕಂಡರಿಯದ ಜನರ ಚರ್ಚೆಯು ಜಗಳಕ್ಕೆ ತಿರುಗದಂತೆ ಕಾಯುವವರೂ ಬಹುಮಟ್ಟಿಗೆ ಸ್ವಯಂಸೇವಕರೇ. ಆದರೆ ಇಂತಹ ಸಮುದಾಯಗಳನ್ನು ನಡೆಸುವವರಿಗೆ ನಿತ್ಯವೂ ಒಂದು ಚಿಂತೆ. ಬಂದವರು ನಿಲ್ಲುವುದಿಲ್ಲ, ನಿಂತವರು ಬೇಸರಗೊಳ್ಳುತ್ತಾರೆ, ಕೆಲವರ ಹೆಗಲಿನ ಮೇಲೆಯೇ ಹಲವರ ಭಾರ ಬೀಳುತ್ತದೆ. ಈ ಚಿಂತೆಯಿಂದ ಹುಟ್ಟಿದ ಉಪಾಯವೇ ಕಲ್ಪಿತ ನಾಣ್ಯ. ಅದಕ್ಕೆ ಲೋಹವಿಲ್ಲ, ರಾಜಮುದ್ರೆಯಿಲ್ಲ. ಮಾಡಿದ ಸೇವೆಗೆ ಪ್ರತಿಯಾಗಿ ಸೇವಕನ ಹೆಸರಿನ ಮುಂದೆ ಅಂಕಗಳು ಏರುತ್ತವೆ. ಚಿತ್ರದ ಪದಕವೊಂದು ಬಂದು ಕುಳಿತುಕೊಳ್ಳುತ್ತದೆ. ಕೆಲವೆಡೆ ಆ ಅಂಕವನ್ನು ನಿಜವಾದ ಹಣಕ್ಕೆ ಮಾರಲೂ ಬರುತ್ತದೆ. ಇಂತಹ ನಾಣ್ಯವು ಸೇವೆಯನ್ನು ಬೆಳೆಸುವುದೋ, ಬಾಡಿಸುವುದೋ? ಇದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ಎಳೆಯ ಮಕ್ಕಳ ದೃಷ್ಟಾಂತವೊಂದನ್ನು ನೋಡಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ನಡೆಸಿದ ಪರೀಕ್ಷೆಯೊಂದು 1973ರಲ್ಲಿ ಪ್ರಕಟವಾಯಿತು. ಬಣ್ಣದ ಲೇಖನಿಯಿಂದ ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಸಂತೋಷಪಡುತ್ತಿದ್ದ ಮಕ್ಕಳನ್ನು ಅವರು ಮೂರು ಪಂಗಡ ಮಾಡಿದರು. ಚಿತ್ರ ಬರೆದರೆ ಬಂಗಾರದ ಮುದ್ರೆಯುಳ್ಳ ಪ್ರಶಸ್ತಿಪತ್ರ ದೊರೆಯುವುದೆಂದು ಮೊದಲನೆಯ ಪಂಗಡಕ್ಕೆ ಮುಂಚೆಯೇ ಮಾತು ಕೊಟ್ಟರು. ಎರಡನೆಯ ಪಂಗಡಕ್ಕೆ ಏನನ್ನೂ ಹೇಳದೆ, ಚಿತ್ರ ಮುಗಿದ ಮೇಲೆ ಅದೇ ಪತ್ರವನ್ನು ಕೊಟ್ಟರು. ಮೂರನೆಯ ಪಂಗಡಕ್ಕೆ ಏನನ್ನೂ ಕೊಡಲಿಲ್ಲ. ಕೆಲವು ದಿನಗಳು ಕಳೆದು, ಬಹುಮಾನದ ಸುದ್ದಿಯೇ ಇಲ್ಲದ ಸಮಯದಲ್ಲಿ ನೋಡಿದಾಗ, ಮೊದಲನೆಯ ಪಂಗಡದ ಮಕ್ಕಳು ಚಿತ್ರ ಬರೆಯುವುದಕ್ಕೆ ಕೊಡುತ್ತಿದ್ದ ಹೊತ್ತು ಇತರ ಮಕ್ಕಳದರ ಅರ್ಧದಷ್ಟಕ್ಕೆ ಇಳಿದಿತ್ತು. ಅನಿರೀಕ್ಷಿತವಾಗಿ ಪತ್ರ ಪಡೆದ ಮಕ್ಕಳ ಉತ್ಸಾಹವು ಕುಂದಿರಲಿಲ್ಲ. ಪತ್ರವು ಒಂದೇ, ಬಂಗಾರದ ಮುದ್ರೆಯೂ ಒಂದೇ. ಮುಂಚೆಯೇ ಮಾತುಕೊಟ್ಟಾಗ ಅದು ಕೂಲಿಯಾಯಿತು. ಕೆಲಸವನ್ನು ಕಂಡ ಬಳಿಕ ಬಂದಾಗ ಮೆಚ್ಚುಗೆಯಾಯಿತು.

ಸೇವೆಗೇ ನೇರವಾಗಿ ಸಂಬಂಧಪಟ್ಟ ಇನ್ನೊಂದು ದೃಷ್ಟಾಂತ ಇಸ್ರೇಲ್ ದೇಶದ್ದು. ಅಲ್ಲಿಯ ಪ್ರೌಢಶಾಲೆಯ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಸತ್ಕಾರ್ಯಗಳಿಗೆ ಹಣ ಕೂಡಿಸುವ ಪದ್ಧತಿಯುಂಟು. ಗ್ನೀಜಿ, ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂತಹ ವಿದ್ಯಾರ್ಥಿಗಳ ಒಂದು ಗುಂಪಿಗೆ ಕಾರ್ಯದ ಮಹತ್ತ್ವವನ್ನು ಮಾತ್ರ ತಿಳಿಸಲಾಯಿತು. ಎರಡನೆಯ ಗುಂಪಿಗೆ, ಕೂಡಿಸಿದ ಮೊತ್ತದ ಶೇಕಡ 1ರಷ್ಟನ್ನು ಬೇರೆ ನಿಧಿಯಿಂದ ಪಾರಿತೋಷಕವಾಗಿ ಕೊಡುವುದಾಗಿಯೂ, ಮೂರನೆಯ ಗುಂಪಿಗೆ ಶೇಕಡ 10ರಷ್ಟನ್ನು ಕೊಡುವುದಾಗಿಯೂ ಹೇಳಲಾಯಿತು. ಎಲ್ಲರಿಗಿಂತ ಕಡಮೆ ಕೂಡಿಸಿದವರು ಶೇಕಡ 1ರ ಗುಂಪಿನವರು. ಶೇಕಡ 10ರ ಗುಂಪಿನವರು ಅವರಿಗಿಂತ ಹೆಚ್ಚು ತಂದರಾದರೂ, ಏನನ್ನೂ ಪಡೆಯದವರನ್ನು ಮೀರಿಸಲಿಲ್ಲ. ಕಾರಣವು ದುರೂಹವಲ್ಲ. ಪುಣ್ಯಕಾರ್ಯಕ್ಕೆಂದು ಹೊರಟವನ ಕೈಯಲ್ಲಿ ಒಂದು ಕಾಸನ್ನಿಟ್ಟೊಡನೆ ಅವನ ಮನಸ್ಸು ಲೆಕ್ಕವನ್ನು ತೊಡಗುತ್ತದೆ. “ಈ ಬಿಸಿಲಿಗೆ ಈ ಕಾಸು ಸಾಟಿಯೆ?” ಎಂದು ತೂಗುತ್ತದೆ. ಅಲ್ಲಿಯವರೆಗೆ ತೂಕಕ್ಕೆ ಸಿಕ್ಕದೆ ಇದ್ದ ಸೇವೆಯು ಈಗ ತಕ್ಕಡಿಗೆ ಬಂದು, ಹಗುರವಾಗಿ ಕಾಣುತ್ತದೆ.

ಹಾಗಾದರೆ ಸೇವಕನಿಗೆ ಮನ್ನಣೆಯೇ ಕೂಡದೆ? ಅವನನ್ನು ಯಾರೂ ಗಮನಿಸದೆ, ಒಂದು ಒಳ್ಳೆಯ ಮಾತನ್ನೂ ಆಡದೆ ಬಿಟ್ಟರೆ ಅದೇ ಧರ್ಮವಾಗುವುದೆ? ಎಂದಿಗೂ ಇಲ್ಲ. ಶರಣರು ಒಬ್ಬರನ್ನೊಬ್ಬರು ಕಂಡಾಗ ಕೈಮುಗಿದು ಶರಣೆನ್ನುತ್ತಿದ್ದುದು ಬರಿಯ ಶಿಷ್ಟಾಚಾರವಲ್ಲ. ಎದುರಿನವನಲ್ಲಿರುವ ಶಿವಾಂಶವನ್ನು ಕಂಡೆನೆಂಬ ಸಾಕ್ಷಿ. ವಿಕಿಪೀಡಿಯದಲ್ಲಿ ‘ಬಾರ್ನ್‌ಸ್ಟಾರ್’ ಎಂಬ ನಕ್ಷತ್ರದ ಚಿತ್ರವೊಂದುಂಟು. ಅಮೆರಿಕದ ರೈತರು ತಮ್ಮ ಕೊಟ್ಟಿಗೆಯ ಗೋಡೆಗೆ ಅಲಂಕಾರಕ್ಕಾಗಿ ತೂಗುಹಾಕುವ ನಕ್ಷತ್ರದ ಹೆಸರು ಅದಕ್ಕೆ ಬಂದಿದೆ. ಒಬ್ಬರ ಕೆಲಸವನ್ನು ಮೆಚ್ಚಿದ ಯಾವ ಸಹಸೇವಕನಾದರೂ ಅದನ್ನು ಕೊಡಬಹುದು. ಅದನ್ನು ಮಾರಲಾಗದು, ಅದರಿಂದ ಏನನ್ನೂ ಕೊಳ್ಳಲಾಗದು. 2012ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ರೆಸ್ಟಿವೊ, ವ್ಯಾನ್ ಡಿ ರೈಟ್ ಎಂಬ ಸಮಾಜಶಾಸ್ತ್ರಜ್ಞರು ಅತ್ಯಧಿಕವಾಗಿ ದುಡಿಯುವ ಸಂಪಾದಕರಲ್ಲಿ 200 ಮಂದಿಯನ್ನು ಆರಿಸಿ, ಯಾದೃಚ್ಛಿಕವಾಗಿ ಅವರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ ಈ ನಕ್ಷತ್ರವನ್ನು ಕೊಟ್ಟರು. ಮುಂದಿನ 90 ದಿನಗಳಲ್ಲಿ ನಕ್ಷತ್ರ ಪಡೆದವರ ಕೆಲಸವು ಪಡೆಯದವರದಕ್ಕಿಂತ ಶೇಕಡ 60ರಷ್ಟು ಹೆಚ್ಚಾಗಿತ್ತು. ಜರ್ಮನ್ ಭಾಷೆಯ ವಿಕಿಪೀಡಿಯದ ಹೊಸಬರನ್ನು ಕುರಿತು ಯಾನಾ ಗಾಲುಸ್ ಎಂಬ ವಿದುಷಿಯು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ಇಂತಹ ಸಾಂಕೇತಿಕ ಗೌರವವನ್ನು ಪಡೆದವರು ಸೇವೆಯಲ್ಲಿ ಉಳಿಯುವ ಪ್ರಮಾಣವು ಶೇಕಡ 20ರಷ್ಟು ಹೆಚ್ಚಿದುದು ಕಂಡುಬಂದಿತು. ಒಂದು ಕಾಸೂ ಬಾಳದ ಚಿತ್ರವು ಕಾಸು ಮಾಡಲಾರದುದನ್ನು ಮಾಡಿತು. ಏಕೆಂದರೆ ಅದು ಬೆಲೆಯಲ್ಲ. “ನಿನ್ನ ದುಡಿಮೆಯು ಒಬ್ಬನ ಕಣ್ಣಿಗೆ ಬಿದ್ದಿದೆ” ಎಂಬ ಮಾತು.

ಆದರೆ ಮನ್ನಣೆಯೂ ವಾರಕ್ಕೊಂದರಂತೆ ತಪ್ಪದೆ ಬರತೊಡಗಿದರೆ ಸಂಬಳವಾಗಿ ಮಾರ್ಪಡುತ್ತದೆಂಬುದನ್ನು ಮರೆಯಲಾಗದು. ಸ್ಟಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ಸಮುದಾಯವು ಈ ಎರಡು ಮುಖಗಳನ್ನೂ ತೋರಿಸುತ್ತದೆ. 2008ರಲ್ಲಿ ಅದನ್ನು ಸ್ಥಾಪಿಸಿದವರು ಅಂಕಗಳ ವ್ಯವಸ್ಥೆಯೊಂದನ್ನು ರೂಪಿಸಿದರು. ಉತ್ತರವನ್ನು ಒಬ್ಬನು ಮೆಚ್ಚಿದರೆ 10 ಅಂಕ. ಪ್ರಶ್ನೆ ಕೇಳಿದವನೇ ಅದನ್ನು ಸ್ವೀಕರಿಸಿದರೆ 15. ಈ ಅಂಕಗಳನ್ನು ಹಣಕ್ಕೆ ಕೊಳ್ಳಲಾಗದು. ಅವು ಏರಿದಂತೆ ದೊರೆಯುವುದು ಭೋಗವಲ್ಲ, ಹೊಣೆ: 2000 ಅಂಕಗಳನ್ನು ಮುಟ್ಟಿದವನಿಗೆ ಇತರರ ಬರಹವನ್ನು ನೇರವಾಗಿ ತಿದ್ದುವ ಅಧಿಕಾರ ಬಂದಿತು. ಮತ್ತೊಂದು ಸೊಗಸಾದ ನಿಯಮವೂ ಇತ್ತು. ಕಠಿಣವಾದ ಪ್ರಶ್ನೆಗೆ ಉತ್ತರ ಬರಲೆಂದು ಒಬ್ಬನು ತಾನು ಗಳಿಸಿದ ಅಂಕಗಳಲ್ಲಿ ಕನಿಷ್ಠ 50ನ್ನು ಪಣವಾಗಿಡಬಹುದು. ಉತ್ತರ ಬರಲಿ ಬಾರದಿರಲಿ, ಇಟ್ಟ ಅಂಕ ಮರಳಿ ಬಾರದು. ಗಳಿಸಿದುದನ್ನು ಮತ್ತೆ ಸಮುದಾಯಕ್ಕೇ ಸಲ್ಲಿಸುವ ಈ ಕ್ರಮದಲ್ಲಿ ದಾಸೋಹದ ಛಾಯೆಯುಂಟು.

ಇದರ ಇನ್ನೊಂದು ಮುಖವು ಅಷ್ಟು ಸುಂದರವಲ್ಲ. ಮೊದಲು ಉತ್ತರಿಸಿದವನಿಗೇ ಮೆಚ್ಚುಗೆ ಹೆಚ್ಚೆಂದು ತಿಳಿದವರು ಆಳವಾಗಿ ಯೋಚಿಸುವುದನ್ನು ಬಿಟ್ಟು ಅವಸರಕ್ಕೆ ಬಿದ್ದರು. ಇದೇ ಸಮುದಾಯದ ಪದಕಗಳನ್ನು ಕುರಿತು 2013ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿದ್ದೇನೆಂದರೆ, ಪದಕವು ಸಮೀಪಿಸಿದಂತೆ ಸೇವಕರ ಕೆಲಸ ಏರುತ್ತದೆ, ಪದಕವು ಕೈಗೆ ಬಂದೊಡನೆ ಇಳಿಯುತ್ತದೆ. ಪದಕವು ಕೈಗೂಡಿದೊಡನೆ ಕೈ ಸಡಿಲಿದುದಾದರೆ, ಆ ಕೈ ದುಡಿದುದು ಪ್ರಶ್ನೆ ಕೇಳಿದವನಿಗಾಗಿಯೊ, ಪದಕಕ್ಕಾಗಿಯೊ?

ನಾಣ್ಯವು ಮಾರಾಟಕ್ಕೆ ಬಂದಾಗ ಏನಾಗುವುದೆಂಬುದಕ್ಕೆ ರೆಡಿಟ್ ಎಂಬ ಸಂಸ್ಥೆಯ ಪ್ರಯೋಗವು ನಿದರ್ಶನ. 2020ರಲ್ಲಿ ಆ ಸಂಸ್ಥೆಯು ತನ್ನ ಆಶ್ರಯದ ಸಮುದಾಯವೊಂದರಲ್ಲಿ ‘ಮೂನ್’, ಎಂದರೆ ಚಂದ್ರ, ಎಂಬ ಹೆಸರಿನ ನಾಣ್ಯವನ್ನು ಹಂಚತೊಡಗಿತು. ಚರ್ಚೆಗೆ ಒಳ್ಳೆಯ ಮಾತುಗಳನ್ನು ಸೇರಿಸಿದವರಿಗೂ ಸಮುದಾಯವನ್ನು ಕಾಯುತ್ತಿದ್ದ ಸ್ವಯಂಸೇವಕರಿಗೂ ಅದರಲ್ಲಿ ಪಾಲು ಇತ್ತು. ಕ್ರಮೇಣ ಆ ನಾಣ್ಯಕ್ಕೆ ಪೇಟೆಯಲ್ಲಿ ಬೆಲೆ ಬಂದಿತು. ಬೆಲೆ ಬಂದೊಡನೆ, ಹೇಳುವುದೇನೂ ಇಲ್ಲದಿದ್ದರೂ ನಾಣ್ಯಕ್ಕಾಗಿ ಮಾತನಾಡುವವರು ಹೆಚ್ಚಿದರೆಂಬ ದೂರು ಸಮುದಾಯದೊಳಗೇ ಎದ್ದಿತು. 2023ರ ಅಕ್ಟೋಬರಿನಲ್ಲಿ ಈ ಏರ್ಪಾಡನ್ನು ನಿಲ್ಲಿಸುವುದಾಗಿ ಸಂಸ್ಥೆಯು ಸಾರಿದಾಗ ನಾಣ್ಯದ ಬೆಲೆ ಒಮ್ಮೆಲೇ ಪಾತಾಳಕ್ಕಿಳಿಯಿತು. ವರ್ಷಗಟ್ಟಲೆ ಸೇವೆಯೆಂದು ಮಾಡಿದ ಕೆಲಸವು ಆ ದಿನ ನಷ್ಟವೆಂದು ಕಂಡಿತು. ಸೇವೆಯನ್ನು ಬೆಲೆಗೆ ಕಟ್ಟಿದವನು ಅದನ್ನು ಪೇಟೆಯ ಏರಿಳಿತಕ್ಕೂ ಕಟ್ಟಿರುತ್ತಾನೆ.

ಇಲ್ಲಿ ಆಯ್ದಕ್ಕಿ ಮಾರಯ್ಯ ದಂಪತಿಗಳ ಚರಿತ್ರೆಯು ಕಣ್ಣಿಗೆ ಕಟ್ಟುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದ ಜಂಗಮ ದಾಸೋಹವು ಅವರ ವ್ರತ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ. ಅಗತ್ಯಕ್ಕೆ ಮೀರಿದುದು ಆಶೆಯೆಂದು ತಿಳಿಹೇಳಿ, ಹೆಚ್ಚಿನದನ್ನು ಆಯ್ದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿದಳು. ಆ ತಾಯಿಯು ಕಂಡುದು ಅಕ್ಕಿಯ ಅಳತೆಯನ್ನಲ್ಲ, ಮನಸ್ಸಿನ ಅಳತೆಯನ್ನು. ನಿನ್ನೆಗಿಂತ ಇಂದು ಹೆಚ್ಚು, ಇಂದಿಗಿಂತ ನಾಳೆ ಹೆಚ್ಚು ಎಂಬ ಎಣಿಕೆ ಒಮ್ಮೆ ಹೊಕ್ಕರೆ ದಾಸೋಹವು ಸಂಗ್ರಹವಾಗುವುದೆಂಬುದನ್ನು ಅವಳು ಅರಿತಿದ್ದಳು. ಹೆಸರಿನ ಮುಂದೆ ಏರುವ ಅಂಕಗಳನ್ನು ದಿನವೂ ನೋಡಿ ಹಿಗ್ಗುವವನ ಮನೆಯಲ್ಲಿ ಲಕ್ಕಮ್ಮನಂತಹವರು ಒಬ್ಬರಿರಬೇಕು. ಯಾರೂ ಇಲ್ಲದಿದ್ದರೆ ಅವನ ಅಂತಃಸಾಕ್ಷಿಯೇ ಲಕ್ಕಮ್ಮನಾಗಬೇಕು.

ಸೇವಕನಿಗೆ ಇಷ್ಟು ಹೇಳಿ, ಸೇವೆಯನ್ನು ಪಡೆಯುವವನನ್ನು ಬಿಟ್ಟುಬಿಟ್ಟರೆ ಅದು ಪಕ್ಷಪಾತವಾದೀತು. 2021ರಲ್ಲಿ ಸ್ಟಾಕ್ ಓವರ್‌ಫ್ಲೋ ಸಂಸ್ಥೆಯನ್ನು ಪ್ರೋಸಸ್ ಎಂಬ ವ್ಯಾಪಾರಸಂಸ್ಥೆಯು 180 ಕೋಟಿ ಡಾಲರುಗಳಿಗೆ ಕೊಂಡಿತು. ಆ ಬೆಲೆಗೆ ಮೂಲವಾದ ಉತ್ತರಗಳನ್ನು ಬರೆದವರ ಬಳಿ ಉಳಿದುದು ಅವರ ಅಂಕಗಳು. ಆ ಉತ್ತರಗಳು ಮುಕ್ತ ಅನುಮತಿಯ ಅಡಿಯಲ್ಲಿ ಲೋಕದ ಸೊತ್ತಾಗಿ ಉಳಿದಿವೆಯೆಂಬುದು ಸಮಾಧಾನದ ಸಂಗತಿ. ಬರೆದವರ ದಾಸೋಹವು ವ್ಯರ್ಥವಾಗಲಿಲ್ಲ. ಆದರೂ ಧರ್ಮಸೂಕ್ಷ್ಮವನ್ನು ಮರೆಮಾಚಲಾಗದು. ಹೊಟ್ಟೆಪಾಡಿಗಾಗಿ ದುಡಿಯಬೇಕಾದವನಿಗೆ ಕೂಲಿಯ ಬದಲು ನಕ್ಷತ್ರವನ್ನು ಕೊಡುವುದು, ತಾನು ವ್ಯಾಪಾರಮಾಡುತ್ತ ದುಡಿಯುವವನಿಗೆ ಮಾತ್ರ ದಾಸೋಹವನ್ನು ಬೋಧಿಸುವುದು, ಇವು ಮನ್ನಣೆಯಲ್ಲ, ವಂಚನೆ. ಕೂಲಿ ಸಲ್ಲಬೇಕಾದಲ್ಲಿ ಕೂಲಿಯೇ ಸಲ್ಲಬೇಕು. ನಿಷ್ಕಾಮವೆಂಬುದು ತಾನು ಪಾಲಿಸುವ ವ್ರತವೇ ಹೊರತು, ಇನ್ನೊಬ್ಬನ ಮೇಲೆ ಹೇರುವ ಸುಂಕವಲ್ಲ.

ಆದುದರಿಂದ ಸೇವಕರನ್ನು ಹುರಿದುಂಬಿಸಲು ನಾಣ್ಯವನ್ನು ಟಂಕಿಸುವವರು, ಅದು ಅಂತರ್ಜಾಲದ ಸಮುದಾಯವಾಗಲಿ, ಊರಿನ ಜಾತ್ರೆಯ ಸೇವಾದಳವಾಗಲಿ, ಕೆಲವು ಮಾತುಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಮನ್ನಣೆಯು ಕೆಲಸಕ್ಕೆ ಮುಂಚೆ ಆಮಿಷವಾಗಿ ಬಾರದೆ, ಕೆಲಸದ ಗುಣವನ್ನು ಕಂಡ ಬಳಿಕ ಬರಲಿ. ಯಂತ್ರದ ಎಣಿಕೆಯಿಂದ ಬರುವುದಕ್ಕಿಂತ ಒಡನಾಡಿಯ ಕೈಯಿಂದ ಬರಲಿ. ಅದು ಪೇಟೆಯಲ್ಲಿ ಬಿಕರಿಯಾಗದಿರಲಿ. ಅದನ್ನು ಪಡೆದವನ ಸುಖವು ಹೆಚ್ಚುವುದಕ್ಕೆ ಬದಲಾಗಿ ಹೊಣೆಯು ಹೆಚ್ಚಲಿ. ಗಳಿಸಿದುದನ್ನು ಮರಳಿ ಸಮುದಾಯಕ್ಕೆ ಅರ್ಪಿಸಲು ದಾರಿ ತೆರೆದಿರಲಿ. ಇಂತಹ ನಾಣ್ಯವು ಪ್ರಸಾದದಂತೆ: ಅದನ್ನು ಕೊಂಡುಕೊಳ್ಳುವವರಿಲ್ಲ, ಮಾರುವವರಿಲ್ಲ, ಪಡೆದವನು ಹಂಚುತ್ತಾನೆ.

ಸೇವಕನಾದವನು ತನ್ನನ್ನು ತಾನು ಪರೀಕ್ಷಿಸಿಕೊಳ್ಳಲು ಒಂದೇ ಪ್ರಶ್ನೆ ಸಾಕು. ನಾಳೆಯ ಪ್ರಾತಃಕಾಲದಲ್ಲಿ ಎಲ್ಲ ಅಂಕಗಳೂ ಅಳಿಸಿಹೋಗಿ, ಎಲ್ಲ ಪದಕಗಳೂ ಮಾಯವಾದರೆ, ಕೈ ನಿಲ್ಲುವುದೋ, ನಡೆಯುವುದೋ? ನಡೆಯುವುದಾದರೆ ಅವನು ಅಂಕಗಳನ್ನು ಇಟ್ಟುಕೊಂಡರೂ ದೋಷವಿಲ್ಲ. ನಿಲ್ಲುವುದಾದರೆ, ಲಕ್ಕಮ್ಮನು ಮಾರಯ್ಯನಿಗೆ ಹೇಳಿದಂತೆ, ಹೆಚ್ಚಾದುದನ್ನು ಸುರಿದು ಬರುವ ಹೊತ್ತು ಬಂದಿದೆ.