ಗರ್ಭಿಣಿಯ ವ್ರತವೂ ಗರ್ಭಸ್ಥ ಜೀವದ ಮಿಡಿತವೂ

ತೀರ್ಥಂಕರರ ಪಂಚಕಲ್ಯಾಣಗಳು ಜನನದಿಂದ ಮೊದಲಾಗುವುದಿಲ್ಲ, ಗರ್ಭಾವತರಣದಿಂದಲೇ ಮೊದಲಾಗುತ್ತವೆ. ತಾಯಿಯ ಒಡಲಲ್ಲಿರುವ ಜೀವವನ್ನು ಜೈನಧರ್ಮವು ಎಷ್ಟು ಗಣ್ಯವೆಂದು ಭಾವಿಸಿದೆಯೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಆದರೂ ಭಾದ್ರಪದ ಮಾಸ ಸಮೀಪಿಸಿತೆಂದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಶ್ರಾವಕರ ಮನೆಗಳಲ್ಲಿಯೂ ಒಂದು ಪ್ರಶ್ನೆ ಏಳುವುದುಂಟು: ತುಂಬು ಬಸುರಿಯಾದ ಸೊಸೆಯು ಪರ್ಯೂಷಣದಲ್ಲಿ ಅಠಾಯಿಯನ್ನಾಗಲಿ, ದಶಲಕ್ಷಣ ಪರ್ವದಲ್ಲಿ ಉಪವಾಸವನ್ನಾಗಲಿ ಹಿಡಿಯಬಹುದೇ? ಹಿರಿಯರು ಬಾಯಿಬಿಟ್ಟು ಹೇಳರು. ಸೊಸೆಯೂ ಬೇಡವೆನ್ನಲು ಸಂಕೋಚಪಡುವಳು. ಹೋದ ವರ್ಷ ಮಾಡಿದ್ದನ್ನು ಈ ವರ್ಷ ಬಿಟ್ಟರೆ ವ್ರತಕ್ಕೆ ಕುಂದು ಬಂದೀತೆಂಬ ಅಂಜಿಕೆ ಒಂದು, ನೆರೆಹೊರೆಯವರ ಮಾತು ಇನ್ನೊಂದು. ವರ್ಷಿತಪವನ್ನು ಕೈಗೊಂಡ ಮೇಲೆ ಗರ್ಭ ನಿಂತವಳ ಇಕ್ಕಟ್ಟಂತೂ ಇದಕ್ಕಿಂತ ದೊಡ್ಡದು. ಅಕ್ಷಯ ತೃತೀಯೆಯ ಪಾರಣೆಯವರೆಗೆ ದಿನ ಬಿಟ್ಟು ದಿನ ಉಪವಾಸ, ಅದೂ ಬಯಲುಸೀಮೆಯ ವೈಶಾಖದ ಬಿಸಿಲಿನಲ್ಲಿ.

ಆಗಮಗಳು ಈ ವಿಷಯದಲ್ಲಿ ಮೌನವಾಗಿಲ್ಲ. ದಶವೈಕಾಲಿಕ ಸೂತ್ರದ ಪಿಂಡೈಷಣಾ ಅಧ್ಯಯನದಲ್ಲಿ ಮುನಿಗಳ ಭಿಕ್ಷಾವಿಧಿಯನ್ನು ಹೇಳುವಾಗ ಗರ್ಭಿಣಿಯ ಪ್ರಸ್ತಾಪ ಬರುತ್ತದೆ. ಅವಳಿಗಾಗಿಯೇ ಸಿದ್ಧವಾದ ಆಹಾರವನ್ನು ಅವಳು ಉಣ್ಣುತ್ತಿರುವಾಗ ಮುನಿಯು ಮುಟ್ಟಬಾರದು. ಉಂಡು ಉಳಿದುದನ್ನು ಮಾತ್ರ ಸ್ವೀಕರಿಸಬಹುದು. ದಿನ ತುಂಬಿದವಳು ಕುಳಿತಲ್ಲಿಂದ ಎದ್ದು ಬಂದು ನೀಡಿದರೆ ಆ ಭಿಕ್ಷೆಯೇ ಅಗ್ರಾಹ್ಯ. ಮಹಾವ್ರತಧಾರಿಯ ಹಸಿವಿಗಿಂತ ಬಸುರಿಯ ತುತ್ತು ಮುಂದು ಎಂದು ವಿಧಿಸಿದ ಪರಂಪರೆಯು, ಅದೇ ತುತ್ತನ್ನು ಅವಳೇ ಬಿಡಲೆಂದು ಬಯಸುವುದೆಂತು?

ತಂದುಲವೈಚಾರಿಕ ಪ್ರಕೀರ್ಣಕವು ಇನ್ನೂ ಆಳಕ್ಕೆ ಇಳಿಯುತ್ತದೆ. ಜೀವವು ಗರ್ಭದಲ್ಲಿ 277½ ಅಹೋರಾತ್ರಿ ವಾಸಿಸುವುದೆಂದು ಅದರ ಎಣಿಕೆ. ಇಂದಿನ ವೈದ್ಯರು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸುತ್ತಾರೆ. ಎಣಿಕೆಯ ಆರಂಭಬಿಂದು ಬೇರೆಯಾದರೂ ಸಾಮೀಪ್ಯ ಗಮನಾರ್ಹ. ತಾಯಿಯಿಂದ ಶಿಶುವಿಗೆ ರಸವನ್ನು ಒಯ್ಯುವ ‘ರಸಹರಣಿ’ ಎಂಬ ನಾಡಿಗಳನ್ನೂ ಆ ಗ್ರಂಥ ಹೆಸರಿಸುತ್ತದೆ. ತಾಯಿ ಮಲಗಿದರೆ ಮಲಗುವ, ಅವಳು ದುಃಖಿಸಿದರೆ ದುಃಖಿಸುವ ಜೀವವೆಂದು ಗರ್ಭವನ್ನು ವರ್ಣಿಸುತ್ತದೆ. ಹೀಗಿರುವಲ್ಲಿ ಗರ್ಭಿಣಿಯ ಉಪವಾಸವು ಒಬ್ಬಳ ಉಪವಾಸವಲ್ಲ. ತಪಸ್ಸು ಸ್ವೇಚ್ಛೆಯಿಂದ ಕೈಗೊಂಡಾಗಲೇ ತಪಸ್ಸು. ಪ್ರತ್ಯಾಖ್ಯಾನವನ್ನು ಸ್ವೀಕರಿಸದ ಇನ್ನೊಂದು ಜೀವದ ಮೇಲೆ ಹೇರಿದ ನಿರಾಹಾರಕ್ಕೆ ಆ ಹೆಸರು ಸಲ್ಲದು.

ದೇಹಧರ್ಮವೂ ಇದನ್ನೇ ಹೇಳುತ್ತದೆ. ಕೊನೆಯ ಮೂರು ತಿಂಗಳುಗಳಲ್ಲಿ ಉಪವಾಸವಿದ್ದರೆ ಬಸುರಿಯ ರಕ್ತದಲ್ಲಿನ ಸಕ್ಕರೆಯು ಇತರರಿಗಿಂತ ಬೇಗ ಇಳಿಯುತ್ತದೆ. ಕೊಬ್ಬು ಕರಗಿ ಕೀಟೋನುಗಳು ಏರುತ್ತವೆ. ಚೌವಿಹಾರದಲ್ಲಿ ನೀರೂ ಇಲ್ಲದಿದ್ದರೆ ನಿರ್ಜಲತೆಯ ಭಯ ಬೇರೆ.

ಕಲ್ಪಸೂತ್ರದ ಒಂದು ಪ್ರಸಂಗವನ್ನು ಪರ್ಯೂಷಣದಲ್ಲಿ ಶ್ವೇತಾಂಬರ ಸಂಘಗಳು ವರ್ಷವರ್ಷವೂ ಆಲಿಸುತ್ತವೆ. ಗರ್ಭಸ್ಥನಾದ ವರ್ಧಮಾನನು ತಾನು ಅಲುಗಿದರೆ ತಾಯಿಗೆ ನೋವಾದೀತೆಂಬ ಕರುಣೆಯಿಂದ ನಿಶ್ಚಲನಾದನು. ತ್ರಿಶಲಾದೇವಿಯು ಕಂಗೆಟ್ಟಳು, ಗರ್ಭಕ್ಕೆ ಕೇಡಾಯಿತೆಂದು ಮರುಗಿದಳು. ಅರಮನೆಯ ವಾದ್ಯಗೀತಗಳು ನಿಂತುಹೋದವು. ಅದನ್ನರಿತ ಶಿಶುವು ಅವಯವವನ್ನು ಕೊಂಚ ಅಲುಗಿಸಲು ತಾಯಿಗೆ ಜೀವ ಬಂದಂತಾಯಿತು. ತಂದೆತಾಯಿಯರು ಬದುಕಿರುವ ತನಕ ಗೃಹತ್ಯಾಗ ಮಾಡೆನೆಂದು ಅವನು ಗರ್ಭದಲ್ಲಿಯೇ ಸಂಕಲ್ಪಿಸಿದುದು ಆಗ. ಈ ಕಥೆಯನ್ನು ಮಾತೃಭಕ್ತಿಯ ನಿದರ್ಶನವಾಗಿ ವಿವರಿಸುವುದು ವಾಡಿಕೆ. ಅದರಲ್ಲಿ ಮತ್ತೊಂದು ಅಂಶ ಅಡಗಿದೆ: ಚಲನೆ ನಿಂತುದನ್ನು ಮೊದಲು ಅರಿತವಳು ತಾಯಿ; ಹುಸಿ ಭಯವೆಂದು ಅವಳನ್ನು ಗದರಿಸುವ ಬದಲು ಅರಮನೆಗೆ ಅರಮನೆಯೇ ಅವಳ ಆತಂಕದಲ್ಲಿ ಪಾಲುಗೊಂಡಿತು.

ಆ ಮಿಡಿತವನ್ನು ಹೊರಗಿನವರು ಕೇಳಲು ತೊಡಗಿ ಇನ್ನೂ ಬಹುಕಾಲವಾಗಿಲ್ಲ. 1818ರಲ್ಲಿ ಜಿನೀವಾದ ವೈದ್ಯ ಮೇಯರ್ ಗರ್ಭಿಣಿಯ ಉದರಕ್ಕೆ ಕಿವಿಯಿಟ್ಟು ಶಿಶುವಿನ ಹೃದಯಧ್ವನಿಯನ್ನು ಗುರುತಿಸಿದುದು ವರದಿಯಾಯಿತು. 1821ರಲ್ಲಿ ಪ್ಯಾರಿಸ್ಸಿನ ಕೆರ್ಗರಾಡೆಕ್ ಗರ್ಭಜಲದ ಸದ್ದನ್ನು ಅರಸಲು ಹೋಗಿ ಹೃದಯದ ಸದ್ದನ್ನು ಕೇಳಿದನು. ಪಿನಾರ್ಡನ ಕಹಳೆಯಾಕಾರದ ನಳಿಗೆ ಆ ಶತಮಾನದ ಕೊನೆಯಲ್ಲಿ ಬಂದಿತು. ಇಂದು ಅಂಗೈಯಗಲದ ಡಾಪ್ಲರ್ ಯಂತ್ರವು ಅದೇ ಕೆಲಸವನ್ನು ಮಾಡುತ್ತದೆ. ನಿಮಿಷಕ್ಕೆ 110ರಿಂದ 160 ಮಿಡಿತ ಸಹಜ. ಹೆರಿಗೆಯ ಮೊದಲ ಘಟ್ಟದಲ್ಲಿ 15ರಿಂದ 30 ನಿಮಿಷಗಳಿಗೊಮ್ಮೆ, ಎರಡನೆಯ ಘಟ್ಟದಲ್ಲಿ 5 ನಿಮಿಷಕ್ಕೊಮ್ಮೆ, ಪ್ರತಿ ಸಲವೂ ಕನಿಷ್ಠ ಒಂದು ನಿಮಿಷ ಕೇಳಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಮಿಡಿತವನ್ನೂ ಗರ್ಭಾಶಯದ ಬಿಗಿತವನ್ನೂ ಜೊತೆಜೊತೆಯಾಗಿ ಕಾಗದದ ಮೇಲೆ ಗೆರೆಯಾಗಿ ಬರೆಯುವ ಸಿ.ಟಿ.ಜಿ. ಯಂತ್ರವೂ ಉಂಟು, ಆರೋಗ್ಯವಂತ ಗರ್ಭಿಣಿಗೆ ಹೆರಿಗೆಯುದ್ದಕ್ಕೂ ಅದು ಬೇಕಿಲ್ಲ, ತೊಡಕಿನ ಸಂಭವವಿದ್ದಲ್ಲಿ ಮಾತ್ರ ಬೇಕು. ಶಿಶು ನಿದ್ರಿಸುತ್ತಿದ್ದರೆ ಗೆರೆ ಸಪ್ಪೆಯಾಗಿ ಕಾಣುವುದೂ ಉಂಟು. ಆಗ ಎಚ್ಚರವಾಗುವ ತನಕ ಕಾದು ನೋಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಡಾಪ್ಲರ್ ಯಂತ್ರವನ್ನು ಕೊಂಡು ತಂದು ಮನೆಯಲ್ಲಿಯೇ ಸದ್ದು ಕೇಳಿ ಸಮಾಧಾನ ತಾಳುವುದು ಅಪಾಯಕರ. ಗರ್ಭಿಣಿಯದೇ ನಾಡಿಯ ಸದ್ದು ಮಗುವಿನದೆಂದು ಭ್ರಮೆ ಹುಟ್ಟಿಸೀತು. ಸೊರಗುತ್ತಿರುವ ಶಿಶುವಿನ ಹೃದಯವೂ ಸ್ವಲ್ಪ ಹೊತ್ತು ಮಿಡಿಯುತ್ತಲೇ ಇದ್ದೀತು. ತಾಯಿಗೆ ತಿಳಿಯುವ ಚಲನೆಯೇ ನಂಬತಕ್ಕದ್ದು. ಸಾಮಾನ್ಯವಾಗಿ ಐದನೆಯ ತಿಂಗಳ ವೇಳೆಗೆ ಅದು ಅನುಭವಕ್ಕೆ ಬರುತ್ತದೆ. ಮುಂದೆ ಪ್ರತಿ ಮಗುವಿಗೂ ತನ್ನದೇ ಒಂದು ಕ್ರಮ ಏರ್ಪಡುತ್ತದೆ. ಆ ಕ್ರಮ ತಗ್ಗಿತೆನಿಸಿದರೆ ಅಂದೇ, ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು. ರಾತ್ರಿಯಾಯಿತು, ಸೂರ್ಯೋದಯದ ಪಾರಣೆಯಾಗಲಿ, ಆಮೇಲೆ ನೋಡೋಣ ಎಂದು ಕಾಯುವ ಹೊತ್ತು ಅದಲ್ಲ. ಹೊಸದುರ್ಗದ ಒಳಹಳ್ಳಿಯ ತೋಟದ ಮನೆಯಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಸಾಗುವುದರಲ್ಲಿಯೇ ಅಮೂಲ್ಯ ಸಮಯ ಕಳೆಯುತ್ತದೆ. 108ರ ವಾಹನಕ್ಕೆ ಕರೆಮಾಡಲು ಯಾವ ವ್ರತವೂ ಅಡ್ಡಿಯಲ್ಲ.

ಮದ್ದು ನೀರು ಸೇವಿಸಿದರೆ ಪ್ರತ್ಯಾಖ್ಯಾನ ಮುರಿಯಿತೆಂದು ಕೊರಗುವವರು ಅದರ ಪಾಠವನ್ನೇ ಮತ್ತೊಮ್ಮೆ ಓದಬೇಕು. ಅದರಲ್ಲಿ ಆಗಾರಗಳೆಂಬ ವಿನಾಯಿತಿಗಳು ಮೊದಲೇ ಸೇರಿವೆ. ತೀವ್ರ ವ್ಯಾಧಿಯಿಂದ ಸಮಾಧಿ ಕದಡಿದಾಗ ಔಷಧಿಗೆ ಎಡೆಮಾಡಿಕೊಡುವ ಸರ್ವಸಮಾಧಿ ಆಗಾರ ಒಂದು. ಹೆಚ್ಚಿನ ಹಿತಕಾರ್ಯಕ್ಕಾಗಿ ಹಿರಿಯರ ಅಪ್ಪಣೆಯಿಂದ ಸಡಿಲಿಸುವ ಮಹತ್ತರಾಗಾರ ಇನ್ನೊಂದು. ದಿಗಂಬರ ಶ್ವೇತಾಂಬರರೀರ್ವರಿಗೂ ಮಾನ್ಯವಾದ ತತ್ತ್ವಾರ್ಥಸೂತ್ರವು ತೀರ್ಥಂಕರತ್ವದ ಹದಿನಾರು ಕಾರಣಗಳಲ್ಲಿ ತಪಸ್ಸನ್ನು ಎಣಿಸುವಾಗ ‘ಶಕ್ತಿಗೆ ತಕ್ಕಷ್ಟು’ ಎಂಬ ಮಿತಿಯನ್ನು ಅದಕ್ಕೆ ಸೇರಿಸಿಯೇ ಇದೆ. ಗರ್ಭಿಣಿಯ ಶಕ್ತಿ ಇಬ್ಬರಲ್ಲಿ ಹಂಚಿಹೋಗಿರುವುದು.

ಹಾಗೆಂದು ಅವಳು ಪರ್ವದಿಂದ ಹೊರಗುಳಿಯಬೇಕಾಗಿಲ್ಲ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಕರ್ಮಬಂಧಕ್ಕೆ ಹೇಗೋ ಪುಣ್ಯಕ್ಕೂ ಹಾಗೆಯೇ ದಾರಿ. ಅತ್ತೆಯ ಅಠಾಯಿಯನ್ನು ಸೊಸೆಯು ಅನುಮೋದಿಸಬಹುದು. ಸಾಮಾಯಿಕ, ಸ್ವಾಧ್ಯಾಯ, ಪ್ರತಿಕ್ರಮಣಗಳಲ್ಲಿ ಕುಳಿತಿರಬಹುದು. ತ್ರಿಶಲಾದೇವಿಯು ಅತಿ ಶೀತ, ಅತಿ ಉಷ್ಣ, ಅತಿ ಕಹಿ, ಅತಿ ಖಾರಗಳನ್ನು ವರ್ಜಿಸಿ ಹಿತಮಿತವಾಗಿ ಉಂಡಳೆಂದು ಕಲ್ಪಸೂತ್ರದಲ್ಲಿದೆ. ಅಂಥ ಊಟವೂ ಒಂದು ನಿಯಮವೇ. ಇನ್ನು ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸುವ ಅಭಿಯಾನ 2016ರಲ್ಲಿ ಆರಂಭವಾಗಿದೆ. ಆ ದಿನ ಪರ್ವದ ನಡುವೆಯೇ ಬಂದರೂ ತಾಯಿ ಕಾರ್ಡನ್ನು ಹಿಡಿದು, ಬೆಳಗಿನ ಫಲಾಹಾರವನ್ನು ಮುಗಿಸಿ, ಮನೆಯ ಒಬ್ಬ ಹಿರಿಯಳೊಡನೆ ಅವಳು ಹೊರಡಲಿ. ಬಸದಿಯ ಪೂಜೆಗೆ ಉಳಿದವರು ಇದ್ದಾರೆ.