ಶರೀರವೆಂಬ ಅಮಾನತು ಮತ್ತು ತೂಕದ ತಕ್ಕಡಿ

ಶರೀರ ಯಾರದು? ಈ ಪ್ರಶ್ನೆಗೆ ಪ್ರತಿಯೊಬ್ಬ ಸತ್ಯವಿಶ್ವಾಸಿಯ ಬಳಿ ಸಿದ್ಧ ಉತ್ತರವಿದೆ. ಅದು ಅಲ್ಲಾಹನದು, ನಮ್ಮ ಕೈಗೆ ಅಮಾನತಾಗಿ ಬಂದದ್ದು, ನಾಳೆ ಅದರ ಲೆಕ್ಕ ಒಪ್ಪಿಸಬೇಕಾದದ್ದು. ಉತ್ತರ ಬಾಯಿಪಾಠವಾಗಿರುವುದರಿಂದಲೇ ನಾವು ಅದರ ಕುರಿತು ಹೆಚ್ಚು ಯೋಚಿಸುವುದಿಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ನಮ್ಮ ಕುಟುಂಬಗಳನ್ನೂ ಪ್ರವೇಶಿಸಿರುವ ಒಂದು ಚಿಕಿತ್ಸೆಯು ಈ ಹಳೆಯ ಪ್ರಶ್ನೆಯನ್ನು ಹೊಸ ರೂಪದಲ್ಲಿ ನಮ್ಮ ಮುಂದಿಟ್ಟಿದೆ. ಅದು ಬೊಜ್ಜು ಇಳಿಸಲು ಮಾಡುವ ಜಠರದ ಶಸ್ತ್ರಚಿಕಿತ್ಸೆ. ಬೆಂಗಳೂರು, ಮಂಗಳೂರಿನ ಆಸ್ಪತ್ರೆಗಳಲ್ಲಿ ಅದು ನಡೆಯುತ್ತಿದೆ. ನಮ್ಮವರು ಅನೇಕರು ದುಡಿಯುತ್ತಿರುವ ಕೊಲ್ಲಿ ರಾಷ್ಟ್ರಗಳಲ್ಲಂತೂ ಅದು ತೀರಾ ಸಾಮಾನ್ಯವಾಗಿಬಿಟ್ಟಿದೆ.

ಇಂಥ ಶಸ್ತ್ರಚಿಕಿತ್ಸೆ ಧರ್ಮಸಮ್ಮತವೇ ಎಂದು ಕೇಳುವವರು ಬಹಳ ಮಂದಿ ಇದ್ದಾರೆ. ಆದರೆ ಅದಕ್ಕಿಂತ ಕಷ್ಟದ ಇನ್ನೊಂದು ಪ್ರಶ್ನೆಯನ್ನು ಕೇಳುವವರು ಕಡಿಮೆ. ಇಳಿಯಬೇಕಾದಷ್ಟು ತೂಕ ಇಳಿದ ಮೇಲೂ ಅದು ಇಳಿಯುತ್ತಲೇ ಹೋದರೆ ಆಗ ಆ ವ್ಯಕ್ತಿಯ ಕರ್ತವ್ಯವೇನು? ಮನೆಯವರ ಕರ್ತವ್ಯವೇನು? ನೋಡುತ್ತಾ ನಿಂತಿರುವ ನಮ್ಮ ಕರ್ತವ್ಯವೇನು? ಈ ಲೇಖನದ ವಿಷಯ ಅದು.

ಅನುಮತಿ ಮತ್ತು ಅದರ ಎಲ್ಲೆ

ಮೊದಲು ಚಿಕಿತ್ಸೆಯ ಸ್ವರೂಪವನ್ನು ಅರಿತುಕೊಳ್ಳೋಣ. ಇಂದು ಹೆಚ್ಚಾಗಿ ಮಾಡುವ ‘ಸ್ಲೀವ್’ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯಂಥ ಒಂದು ಸಣ್ಣ ಕೊಳವೆ. ‘ಬೈಪಾಸ್’ ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಚೀಲವೊಂದನ್ನು ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ. ಮೊದಲನೆಯದರಲ್ಲಿ ಆಹಾರದ ಪ್ರಮಾಣ ತಗ್ಗುತ್ತದೆ. ಎರಡನೆಯದರಲ್ಲಿ ಪ್ರಮಾಣದ ಜೊತೆಗೆ ಸತ್ತ್ವ ಹೀರಿಕೊಳ್ಳುವ ಶಕ್ತಿಯೂ ಸ್ವಲ್ಪ ತಗ್ಗುತ್ತದೆ. ಒಂದು, ಒಂದೂವರೆ ವರ್ಷದಲ್ಲಿ ಒಟ್ಟು ತೂಕದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇಳಿದು, ತರುವಾಯ ಇಳಿತ ನಿಲ್ಲುವುದು ಸಾಮಾನ್ಯ ಕ್ರಮ.

ಇದರಿಂದ ಅನೇಕರಿಗೆ ನಿಜವಾದ ಉಪಕಾರವಾಗಿದೆ ಎಂಬುದರಲ್ಲಿ ಸಂಶಯವಿಲ್ಲ. ಸಕ್ಕರೆ ಕಾಯಿಲೆ ಹತೋಟಿಗೆ ಬಂದವರಿದ್ದಾರೆ. ಮಂಡಿ ನೋವಿನಿಂದ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುತ್ತಿದ್ದವರು ಪುನಃ ನೆಲಕ್ಕೆ ಹಣೆಯಿಡುವಂತಾದದ್ದೂ ಇದೆ. ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು 2007ರಲ್ಲಿ ಮಲೇಶಿಯಾದ ಪುತ್ರಜಯದಲ್ಲಿ ಸಭೆ ಸೇರಿದಾಗ ಸೌಂದರ್ಯ ಚಿಕಿತ್ಸೆಗಳ ಬಗ್ಗೆ ಮಾಡಿದ ನಿರ್ಣಯದಲ್ಲಿ ತೂಕ ಇಳಿಸುವ ವಿಷಯವೂ ಬಂದಿದೆ. ತೂಕವು ರೋಗದ ಮಟ್ಟಕ್ಕೆ ಹೋಗಿದ್ದು ಬೇರೆ ದಾರಿ ಇಲ್ಲದಿದ್ದರೆ, ಹಾನಿಯ ಭಯವಿಲ್ಲದಿದ್ದರೆ ಶಸ್ತ್ರಚಿಕಿತ್ಸೆಗೆ ಅವಕಾಶವಿದೆ ಎಂಬುದು ಅದರ ಸಾರಾಂಶ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿರಿ. ಆರೋಗ್ಯವಂತ ಅಂಗವನ್ನು ಕತ್ತರಿಸುವುದು ಮೂಲತಃ ನಿಷಿದ್ಧ. ಅದಕ್ಕೆ ಅನುಮತಿ ಕೊಟ್ಟದ್ದು ಅಗತ್ಯ. ಅಗತ್ಯವು ಅನುಮತಿಯ ಬಾಗಿಲನ್ನು ತೆರೆಯುತ್ತದೆ, ಆದರೆ ಅಗತ್ಯವಿರುವಷ್ಟೇ ತೆರೆಯುತ್ತದೆ ಎಂಬುದು ನಮ್ಮ ಫುಕಹಾಗಳ ಪ್ರಸಿದ್ಧ ನಿಯಮ. ಹಸಿವಿನಿಂದ ಸಾಯುವ ಸ್ಥಿತಿಯಲ್ಲಿರುವವನಿಗೆ ಸತ್ತ ಪ್ರಾಣಿಯ ಮಾಂಸ ತಿನ್ನುವ ಅವಕಾಶವಿದೆ. ಆದರೆ ಕುರ್‌ಆನಿನ 2ನೆಯ ಅಧ್ಯಾಯದ 173ನೆಯ ಸೂಕ್ತವು ಆ ಅವಕಾಶದೊಂದಿಗೇ ಎಲ್ಲೆ ಮೀರದಿರುವ ಶರತ್ತನ್ನೂ ಇಟ್ಟಿದೆ. ಈ ನಿಯಮವನ್ನು ನಾವು ಶಸ್ತ್ರಚಿಕಿತ್ಸೆಯ ದಿನಕ್ಕೆ ಮಾತ್ರ ಅನ್ವಯಿಸಿ ಮರೆತುಬಿಡುತ್ತೇವೆ. ವಾಸ್ತವದಲ್ಲಿ ಅದು ತರುವಾಯದ ಪ್ರತಿಯೊಂದು ಕಿಲೋಗೂ ಅನ್ವಯಿಸುತ್ತದೆ. ರೋಗ ಹೋಗುವಷ್ಟು ಇಳಿದರೆ ಅದು ಚಿಕಿತ್ಸೆ. ಅದಕ್ಕಿಂತ ಕೆಳಗೆ ಹೋದುದಕ್ಕೆ ಆ ಅಗತ್ಯದ ಆಸರೆ ಇಲ್ಲ.

ಇಳಿತ ನಿಲ್ಲದಿದ್ದರೆ

ಎಲ್ಲೆ ಮೀರಿದರೆ ಏನಾಗುತ್ತದೆಂಬುದನ್ನು ಈ ಚಿಕಿತ್ಸೆಯ ಇತಿಹಾಸವೇ ಹೇಳುತ್ತದೆ. 1950ರ ದಶಕದಲ್ಲಿ ಅಮೆರಿಕದ ವೈದ್ಯರು ಸಣ್ಣ ಕರುಳಿನ ಬಹುಭಾಗವನ್ನು ಬದಿಗಿರಿಸಿ ಜೋಡಿಸುವ ವಿಧಾನವನ್ನು ಆರಂಭಿಸಿದರು. ತೂಕವೇನೋ ಚೆನ್ನಾಗಿಯೇ ಇಳಿಯಿತು. ಆದರೆ ಯಕೃತ್ತು ಕೆಟ್ಟಿತು, ಮೂತ್ರಪಿಂಡದಲ್ಲಿ ಕಲ್ಲುಗಳಾದವು, ಅಪೌಷ್ಟಿಕತೆಯಿಂದ ರೋಗಿಗಳು ನರಳಿದರು, ಕೆಲವರು ತೀರಿಕೊಂಡರು. ಕೊನೆಗೆ ಆ ವಿಧಾನವನ್ನೇ ಕೈಬಿಡಬೇಕಾಯಿತು. ಇಂದಿನ ವಿಧಾನಗಳು ಅದಕ್ಕಿಂತ ಎಷ್ಟೋ ಸುರಕ್ಷಿತ. ಆದರೂ ಸ್ವಲ್ಪ ಮಂದಿಯಲ್ಲಿ ಇಳಿತವು ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

ಅದಕ್ಕೆ ಕಾರಣಗಳು ಹಲವು. ಜೋಡಿಸಿದ ಜಾಗ ಕಿರಿದಾಗಿ ಆಹಾರ ಇಳಿಯದೆ ವಾಂತಿಯಾಗುತ್ತಿರಬಹುದು. ಅಲ್ಲಿ ಹುಣ್ಣಾಗಿರಬಹುದು. ಬದಿಗಿರಿಸಿದ ಕರುಳು ಬೇಕಾದುದಕ್ಕಿಂತ ಉದ್ದವಾಗಿದ್ದು, ತಿಂದದ್ದು ಮೈಗೆ ಹತ್ತದೆ ಭೇದಿಯಾಗಿ ಹೋಗುತ್ತಿರಬಹುದು. ಶಸ್ತ್ರಚಿಕಿತ್ಸೆಗೆ ಸಂಬಂಧವೇ ಇಲ್ಲದ ಕ್ಷಯ, ಥೈರಾಯ್ಡ್ ಮೊದಲಾದ ಕಾಯಿಲೆಗಳೂ ಇರಬಹುದು. ಮನಸ್ಸಿನ ಕಾರಣಗಳೂ ಇವೆ. ಖಿನ್ನತೆ, ಊಟದ ಭಯ, ಪುನಃ ದಪ್ಪಗಾಗಿಬಿಡುವೆನೆಂಬ ದಿಗಿಲು.

ಲಕ್ಷಣಗಳನ್ನು ಮನೆಯವರು ತಿಳಿದಿರಬೇಕು. ಮೊದಲ ಕೆಲವು ತಿಂಗಳಲ್ಲಿ ಕೂದಲು ಉದುರುವುದು ಸಾಮಾನ್ಯ. ಆದರೆ ಕಾಲು ಊದಿಕೊಳ್ಳುವುದು, ಮೆಟ್ಟಿಲು ಹತ್ತಲು ಆಗದಷ್ಟು ನಿಶ್ಶಕ್ತಿ, ತೋಳು ತೊಡೆಗಳ ಮಾಂಸ ಕರಗುವುದು, ಕೈಕಾಲು ಜೋಮು ಹಿಡಿಯುವುದು ಇವು ಪ್ರೋಟೀನ್, ಕಬ್ಬಿಣಾಂಶ, ವಿಟಮಿನ್ ಬಿ12 ಮುಂತಾದವುಗಳ ಕೊರತೆಯ ಸೂಚನೆಗಳಾಗಿರಬಹುದು. ವಾಂತಿ ನಿಲ್ಲದೆ, ಕಣ್ಣು ಮಂಜಾಗಿ, ನಡಿಗೆ ತಪ್ಪಿ, ಮಾತು ಗೊಂದಲವಾದರೆ ಅದು ವಿಟಮಿನ್ ಬಿ1ರ ತೀವ್ರ ಕೊರತೆಯಿರಬಹುದು. ಆಗ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ತಡವಾದರೆ ಮೆದುಳಿಗೆ ಶಾಶ್ವತ ಹಾನಿಯಾಗುತ್ತದೆ.

ಇವಕ್ಕೆಲ್ಲ ಚಿಕಿತ್ಸೆಯಿದೆ. ಕಿರಿದಾದುದನ್ನು ಹಿಗ್ಗಿಸಬಹುದು, ಪೋಷಣೆಯನ್ನು ನಳಿಗೆಯ ಮೂಲಕ ಅಥವಾ ರಕ್ತನಾಳದ ಮೂಲಕ ಕೊಡಬಹುದು, ಬೈಪಾಸ್‌ನ ಜೋಡಣೆಯನ್ನು ಬದಲಾಯಿಸಬಹುದು, ತೀರಾ ಅಗತ್ಯವಾದರೆ ಮೊದಲಿನಂತೆ ಮಾಡಲೂಬಹುದು. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆದ ಜಠರವನ್ನು ಮಾತ್ರ ಮರಳಿ ತರಲಾಗದು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕುವ ಮೊದಲೇ ಇದನ್ನು ತಿಳಿದಿರುವುದು ಲೇಸು.

ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಹೀಗೆ ಕೃಶವಾದ ರೋಗಿಯು ಪಾಪಿಯಲ್ಲ. ಅದು ಅಲ್ಲಾಹನ ಸೃಷ್ಟಿಯನ್ನು ಬದಲಾಯಿಸಿದ್ದಕ್ಕೆ ಸಿಕ್ಕಿದ ಶಿಕ್ಷೆ ಎಂದು ಹೇಳುವವರು ರೋಗಿಗೂ ಧರ್ಮಕ್ಕೂ ಅನ್ಯಾಯ ಮಾಡುತ್ತಾರೆ. ಔಷಧ ಮಾಡಿಕೊಳ್ಳಿರೆಂದು ಪ್ರವಾದಿವರ್ಯರು(ಸ) ಆದೇಶಿಸಿದ್ದಾರೆ. ಔಷಧಕ್ಕೆ ತೊಡಕುಗಳಿರುವುದು ಲೋಕನಿಯಮ. ತೊಡಕು ಬಂದುದಕ್ಕೆ ಯಾರೂ ಹೊಣೆಯಲ್ಲ. ಬಂದುದು ತಿಳಿದ ಮೇಲೂ ಮುಚ್ಚಿಟ್ಟುಕೊಂಡರೆ, ಪರೀಕ್ಷೆ ಮಾಡಿಸದಿದ್ದರೆ, ಅಲ್ಲಿಂದ ಹೊಣೆಗಾರಿಕೆ ಆರಂಭವಾಗುತ್ತದೆ. ತಮ್ಮನ್ನು ತಾವೇ ನಾಶಕ್ಕೆ ತಳ್ಳಿಕೊಳ್ಳಬಾರದೆಂಬ ಕುರ್‌ಆನಿನ ಎಚ್ಚರಿಕೆ (2:195) ನೆನಪಾಗಬೇಕಾದುದು ಈ ಘಟ್ಟದಲ್ಲಿ.

ನಫ್ಸ್ ಯಾವ ಕಡೆಗೆ ಎಳೆಯುತ್ತಿದೆ?

ಮುಚ್ಚಿಡುವುದೇಕೆ? ಏಕೆಂದರೆ ಈ ಕಾಯಿಲೆ ಹೊರಗಿನಿಂದ ಯಶಸ್ಸಿನಂತೆ ಕಾಣುತ್ತದೆ. ಹತ್ತಾರು ವರ್ಷ ಗೇಲಿ ಸಹಿಸಿದ ಒಬ್ಬ ಸಹೋದರಿಯನ್ನು ಊಹಿಸಿಕೊಳ್ಳಿರಿ. ತೂಕ ಇಳಿದಂತೆಲ್ಲ ಹೊಗಳಿಕೆಗಳು ಬರುತ್ತವೆ. ಹಳೆಯ ಬಟ್ಟೆ ಸಡಿಲವಾಗುತ್ತದೆ, ನೆಂಟರು ಗುಟ್ಟು ಕೇಳುತ್ತಾರೆ. ವೈದ್ಯರು ಸಾಕೆಂದ ದಿನ ಆಕೆಗೆ ಸಾಕೆನಿಸುವುದಿಲ್ಲ. ಇನ್ನೆರಡು ಕಿಲೋ ಎನ್ನುತ್ತದೆ ಮನಸ್ಸು. ಊಟದ ತಟ್ಟೆ ಕಂಡರೆ ಭಯ. ಗುಳಿಗೆಗಳು ಡಬ್ಬದಲ್ಲಿಯೇ ಉಳಿಯುತ್ತವೆ. ಆಕೆಯನ್ನು ಯಾರೂ ತಡೆಯುವುದಿಲ್ಲ, ಏಕೆಂದರೆ ಕಡಿಮೆ ತಿನ್ನುವುದು ಸದ್ಗುಣವೆಂದು ನಾವೆಲ್ಲರೂ ಕಲಿತಿದ್ದೇವೆ.

ಹೌದು, ಕಡಿಮೆ ತಿನ್ನುವುದು ಸದ್ಗುಣವೇ. ಹೊಟ್ಟೆಯ ಮೂರನೆಯ ಒಂದಂಶ ಆಹಾರಕ್ಕೆ, ಒಂದಂಶ ನೀರಿಗೆ, ಒಂದಂಶ ಉಸಿರಿಗೆ ಎಂಬ ಪ್ರವಾದಿ ವಚನವನ್ನು (ತಿರ್ಮಿದಿ) ನಾವು ಖುತ್‌ಬಾಗಳಲ್ಲಿ ಕೇಳುತ್ತಿರುತ್ತೇವೆ. ಆದರೆ ಅದೇ ಹದೀಸ್‌ನ ಹಿಂದಿನ ಮಾತನ್ನು ಗಮನಿಸಿರಿ. ಮನುಷ್ಯನಿಗೆ ಬೆನ್ನು ನೆಟ್ಟಗೆ ನಿಲ್ಲಿಸುವಷ್ಟು ತುತ್ತುಗಳು ಸಾಕು ಎಂದು ಅಲ್ಲಿ ಬಂದಿದೆ. ಅಂದರೆ ಸಾಕು ಎಂಬುದಕ್ಕೆ ಒಂದು ಅಳತೆಗೋಲಿದೆ. ಆ ಅಳತೆಗೋಲು ಬೆನ್ನು. ರುಕೂಅ್‌ಗೆ ಬಾಗಿ ಮತ್ತೆ ನೆಟ್ಟಗಾಗಲು, ಮಗುವನ್ನು ಎತ್ತಿಕೊಳ್ಳಲು, ದುಡಿದು ತಿನ್ನಲು ಶಕ್ತಿ ಕೊಡದ ಊಟ ಆ ಅಳತೆಗೆ ತಲುಪಿಲ್ಲ. ಅತಿಯಾಗಿ ತಿಂದವನು ಹದೀಸನ್ನು ಒಂದು ಕಡೆಯಿಂದ ಮೀರಿದರೆ ಬೆನ್ನು ನಿಲ್ಲದಷ್ಟು ಕಡಿಮೆ ತಿಂದವನು ಇನ್ನೊಂದು ಕಡೆಯಿಂದ ಮೀರುತ್ತಾನೆ.

ಶಸ್ತ್ರಚಿಕಿತ್ಸೆಯ ತರುವಾಯ ಇನ್ನೊಂದು ವಿಚಿತ್ರವೂ ಸಂಭವಿಸುತ್ತದೆ. ಹಸಿವನ್ನು ಪ್ರಚೋದಿಸುವ ‘ಘ್ರೆಲಿನ್’ ಎಂಬ ರಸದೂತವು ಹೆಚ್ಚಾಗಿ ಉತ್ಪತ್ತಿಯಾಗುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಆ ಭಾಗವೇ ಹೋಗುತ್ತದೆ. ಹಸಿವು ಅಡಗುತ್ತದೆ. ಇನ್ನು ಊಟ ಮಾಡಬೇಕಾದುದು ಹಸಿವಿನ ಕರೆಗಲ್ಲ, ತಿಳುವಳಿಕೆಯ ಕರೆಗೆ. ಗಡಿಯಾರ ನೋಡಿ ಸಣ್ಣ ಸಣ್ಣ ಪಾಲಾಗಿ ದಿನಕ್ಕೆ ಕನಿಷ್ಠ 60 ಗ್ರಾಮ್‌ನಷ್ಟು ಪ್ರೋಟೀನ್ ಸೇರುವಂತೆ ಮೊಟ್ಟೆ, ಮೀನು, ಮೊಸರು, ಬೇಳೆ ತಿನ್ನಬೇಕು. ವಿಟಮಿನ್‌ಗಳನ್ನು ಜೀವನವಿಡೀ ಸೇವಿಸಬೇಕು. ರಕ್ತ ಪರೀಕ್ಷೆ ತಪ್ಪಿಸಬಾರದು. ಮಗು ಬೇಕೆನ್ನುವ ದಂಪತಿಗಳು 12ರಿಂದ 18 ತಿಂಗಳು ಕಾಯಬೇಕು.

ನಫ್ಸ್‌ನ ವಿರುದ್ಧ ಹೋರಾಟವೆಂದರೆ ಕೈಯನ್ನು ತಟ್ಟೆಯಿಂದ ಹಿಂದೆಗೆಯುವುದೆಂದೇ ನಾವು ತಿಳಿದಿದ್ದೇವೆ. ಆದರೆ ನಫ್ಸ್ ಎಲ್ಲ ಕಾಲದಲ್ಲೂ ಒಂದೇ ಕಡೆಗೆ ಎಳೆಯುವುದಿಲ್ಲ. ಮೊದಲು ಅದು ತಿನ್ನು ಎಂದಿತು, ಈಗ ತಿನ್ನಬೇಡ ಎನ್ನುತ್ತಿದೆ. ಮೊದಲು ನಾಲಗೆಯ ರುಚಿ ಅದರ ಆಯುಧವಾಗಿತ್ತು, ಈಗ ಕನ್ನಡಿ ಮತ್ತು ತೂಕದ ಯಂತ್ರ ಅದರ ಆಯುಧ. ಇಂದು ಈ ಸಹೋದರಿಯ ಪಾಲಿಗೆ ಬಿಸ್ಮಿಲ್ಲಾಹ್ ಹೇಳಿ ಬೇಡವೆನಿಸುವ ತುತ್ತನ್ನು ಬಾಯಿಗಿಡುವುದೇ ಹೋರಾಟ. ಶರೀರಕ್ಕೂ ನಿನ್ನ ಮೇಲೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ನೆನಪಿಸಿದ್ದು ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ಹೊರಟಿದ್ದ ಅಬ್ದುಲ್ಲಾಹ್ ಬಿನ್ ಅಮ್ರ್(ರ) ಅವರಿಗೆ ಎಂಬುದನ್ನು ಮರೆಯಬಾರದು.

ರಮಝಾನ್ ಮತ್ತು ಔಷಧ

ರಮಝಾನ್ ಬಂದಾಗ ಈ ಪ್ರಶ್ನೆ ತೀವ್ರವಾಗುತ್ತದೆ. ಒಂದು ಪುಟ್ಟ ಜಠರಕ್ಕೆ ಇಡೀ ದಿನದ ನೀರನ್ನೂ ಪೋಷಣೆಯನ್ನೂ ರಾತ್ರಿಯ ಕೆಲವೇ ಗಂಟೆಗಳಲ್ಲಿ ಹಿಡಿಸಲಾಗದು. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಉಪವಾಸ ಬೇಡವೆಂದೇ ವೈದ್ಯರು ಹೇಳುತ್ತಾರೆ. ಕೃಶವಾಗುತ್ತಲೇ ಇರುವವರಿಗೆ ಅದು ಅಪಾಯಕಾರಿ. ಆದರೂ ಜನ ಏನೆನ್ನುವರೋ ಎಂದು ಉಪವಾಸ ಹಿಡಿಯುವವರಿದ್ದಾರೆ. ರೋಗಿಗೆ ಅಲ್ಲಾಹನೇ ವಿನಾಯಿತಿ ಕೊಟ್ಟಿರುವಾಗ (2:184–185) ಅದನ್ನು ಕಿತ್ತುಕೊಳ್ಳಲು ನಾವು ಯಾರು? ತಲೆಗೆ ಗಾಯವಾಗಿದ್ದವನಿಗೆ ಸ್ನಾನ ಮಾಡಲೇಬೇಕೆಂದು ಸಂಗಡಿಗರು ಹೇಳಿ, ಆತ ಸ್ನಾನ ಮಾಡಿ ಮೃತಪಟ್ಟ ಘಟನೆಯನ್ನು ಜಾಬಿರ್(ರ) ವರದಿ ಮಾಡಿದ್ದಾರೆ (ಅಬೂದಾವೂದ್). ಅದನ್ನು ಕೇಳಿ ಪ್ರವಾದಿವರ್ಯರು(ಸ) ತೀವ್ರವಾಗಿ ಕೋಪಗೊಂಡರು. ತಿಳಿಯದಿದ್ದರೆ ಕೇಳಬೇಕಿತ್ತೆಂದು, ಅಜ್ಞಾನಕ್ಕೆ ಮದ್ದು ಕೇಳುವುದೇ ಎಂದು ತಿಳಿಸಿದರು.

ಇನ್ನೊಂದು ಸಂಗತಿ. ತಿಂದದ್ದು ಜೀರ್ಣವಾಗದವರಿಗೆ ಕೊಡುವ ಮೇದೋಜೀರಕ ಗ್ರಂಥಿಯ ಕಿಣ್ವದ ಗುಳಿಗೆಗಳನ್ನು ಹಂದಿಯಿಂದ ತಯಾರಿಸುತ್ತಾರೆ. ಇದು ಗೊತ್ತಾದೊಡನೆ ಯಾರಿಗೂ ಹೇಳದೆ ನಿಲ್ಲಿಸಿಬಿಡುವುದು ಸರಿಯಲ್ಲ. ಬದಲಿ ಔಷಧವಿದೆಯೇ ಎಂದು ವೈದ್ಯರನ್ನೂ, ಇಲ್ಲದಿದ್ದರೆ ಅಗತ್ಯದ ನಿಯಮ ಅನ್ವಯವಾಗುವುದೇ ಎಂದು ವಿಶ್ವಾಸಾರ್ಹ ಆಲಿಮರನ್ನೂ ಕೇಳಿರಿ.

ನಮ್ಮ ನಾಲಗೆಯ ಪಾಲು

ಪ್ರಿಯ ಓದುಗರೇ, ಈ ವರೆಗೆ ರೋಗಿಯ ಕರ್ತವ್ಯವನ್ನು ಹೇಳಿದ್ದಾಯಿತು. ಈಗ ನಮ್ಮ ಸರದಿ. ಆಕೆಯನ್ನು ಈ ಭಯಕ್ಕೆ ನೂಕಿದವರು ಯಾರು? ಮದುವೆ ಮನೆಯಲ್ಲಿ ಆಕೆಯ ತಟ್ಟೆಯತ್ತ ಕಣ್ಣು ಹಾಯಿಸಿ ನಕ್ಕವರು ನಾವು. ಹೆಣ್ಣು ನೋಡಲು ಹೋಗಿ ಸ್ವಲ್ಪ ದಪ್ಪ ಎಂದು ಎದ್ದು ಬಂದವರು ನಾವು. ಈಗ ಆಕೆ ಸೊರಗಿದಾಗ ಏನು ಕಾಯಿಲೆಯೋ ಎಂದು ಪಿಸುಗುಟ್ಟುತ್ತಿರುವವರೂ ನಾವೇ. ಪರಸ್ಪರ ಗೇಲಿ ಮಾಡಬಾರದೆಂಬ ಕುರ್‌ಆನಿನ ಆಜ್ಞೆ (49:11) ಪುರುಷರನ್ನೂ ಸ್ತ್ರೀಯರನ್ನೂ ಬೇರೆ ಬೇರೆಯಾಗಿ ಹೆಸರಿಸಿ ಹೇಳಿದೆ. ಹಝ್ರತ್ ಆಯಿಶಾ(ರ) ಒಮ್ಮೆ ಸಫಿಯ್ಯಾ(ರ)ರ ಕುಳ್ಳುತನವನ್ನು ಸೂಚಿಸಿದಾಗ, ಆ ಮಾತನ್ನು ಕಡಲಿಗೆ ಬೆರೆಸಿದರೆ ಕಡಲೇ ಕೆಡುವಷ್ಟು ಅದು ಕೆಟ್ಟದ್ದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು.

ಪ್ರವಾದಿ(ಸ)ಯವರ ಮನೆಯ ಇನ್ನೊಂದು ಚಿತ್ರವನ್ನು ನೋಡಿರಿ. ಒಮ್ಮೆ ಅವರೂ ಆಯಿಶಾ(ರ)ರೂ ಓಟದ ಪಂದ್ಯ ಮಾಡಿದಾಗ ಆಯಿಶಾ(ರ) ಗೆದ್ದರು. ಕಾಲಾನಂತರ ಅವರ ಮೈ ತುಂಬಿಕೊಂಡ ಮೇಲೆ ಮತ್ತೊಮ್ಮೆ ಓಡಿದಾಗ ಪ್ರವಾದಿವರ್ಯರು(ಸ) ಗೆದ್ದರು. ಆಗ ಅವರು ಪತ್ನಿಯ ತೂಕದ ಮಾತೆತ್ತಲಿಲ್ಲ. ಅಂದಿನ ಸೋಲಿಗೆ ಇಂದಿನ ಗೆಲುವು ಸರಿಹೋಯಿತೆಂದು ತಮಾಷೆ ಮಾಡಿದರು, ಅಷ್ಟೆ. ಅದೇ ಆಯಿಶಾ(ರ)ರನ್ನು ಮದುವೆಗೆ ಮೊದಲು ಮೈ ತುಂಬಿಸಲೆಂದು ತಾಯಿ ಸೌತೆಕಾಯಿ ಮತ್ತು ಖರ್ಜೂರ ತಿನ್ನಿಸಿದ್ದರೆಂದು ಅಬೂದಾವೂದ್‌ನಲ್ಲಿದೆ. ಒಂದು ಕಾಲದವರು ತುಂಬಿದ ಮೈಯನ್ನು ಬಯಸಿದರು, ಇನ್ನೊಂದು ಕಾಲದವರು ಬಳುಕುವ ಮೈಯನ್ನು ಬಯಸುತ್ತಾರೆ. ಜನರ ಈ ಬಯಕೆಯ ಹಿಂದೆ ಓಡುವವರಿಗೆ ನಿಲ್ದಾಣವೆಂಬುದೇ ಇಲ್ಲ.

ಆದ್ದರಿಂದ ಹೊಗಳುವುದಾದರೂ ತೂಕವನ್ನು ಹೊಗಳಬೇಡಿರಿ. ಈಗ ನಡೆಯಲು ಸುಲಭವಾಗಿದೆಯೇ, ನಿದ್ರೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ ಎಂದು ವಿಚಾರಿಸಿರಿ. ಪತಿಯಾದವನು ಗುಳಿಗೆ ಮುಗಿದಿದೆಯೇ ಎಂದು ನೋಡಲಿ, ಪರೀಕ್ಷೆಗೆ ಜೊತೆಯಲ್ಲಿ ಹೋಗಲಿ. ಅತ್ತೆಯಾದವಳು ರಮಝಾನ್‌ನ ಹಗಲಲ್ಲಿ ಒಂದು ಬಟ್ಟಲು ಗಂಜಿಯನ್ನು ತಾನೇ ಕಾಯಿಸಿ ಸೊಸೆಯ ಕೈಗೆ ಕೊಡಲಿ. ಆ ಬಟ್ಟಲು ಹತ್ತು ಉಪದೇಶಗಳಿಗಿಂತ ಹೆಚ್ಚು ಧೈರ್ಯ ಕೊಡುತ್ತದೆ.

ಅಲ್ಲಾಹನು ಆಕಾಶವನ್ನು ಎತ್ತರಿಸಿ ತಕ್ಕಡಿಯನ್ನು ಸ್ಥಾಪಿಸಿದನೆಂದೂ ಅದರಲ್ಲಿ ಎಲ್ಲೆ ಮೀರಬಾರದೆಂದೂ ಅರ್ರಹ್ಮಾನ್ ಅಧ್ಯಾಯ ಹೇಳುತ್ತದೆ. ಎಲ್ಲೆ ಮೀರುವುದೆಂದರೆ ಹೆಚ್ಚಾಗುವುದು ಮಾತ್ರವಲ್ಲ, ಕಡಿಮೆಯಾಗುವುದೂ ಹೌದು. ಇನ್ನೊಂದು ತಕ್ಕಡಿಯೂ ಇದೆ. ಅಬ್ದುಲ್ಲಾಹ್ ಬಿನ್ ಮಸ್‌ಊದ್(ರ) ಮರವೇರಿದಾಗ ಅವರ ಕಡ್ಡಿಯಂಥ ಕಾಲುಗಳನ್ನು ಕಂಡು ಕೆಲವರು ನಕ್ಕರು. ಅಂತ್ಯದಿನದ ತಕ್ಕಡಿಯಲ್ಲಿ ಆ ಕಾಲುಗಳು ಉಹುದ್ ಪರ್ವತಕ್ಕಿಂತಲೂ ಭಾರವಾಗಿರುವುವೆಂದು ಪ್ರವಾದಿವರ್ಯರು(ಸ) ಹೇಳಿದಾಗ ನಗು ನಿಂತಿತು. ಆ ತಕ್ಕಡಿಯಲ್ಲಿ ಸ್ಥೂಲಕಾಯರಿಗೆ ತೂಕ ಹೆಚ್ಚಿಲ್ಲ, ಕೃಶಕಾಯರಿಗೆ ಕಡಿಮೆಯಿಲ್ಲ. ಅಲ್ಲಿ ತೂಗುವುದು ವಿಶ್ವಾಸ ಮತ್ತು ಕರ್ಮಗಳನ್ನು. ಅಮಾನತಾದ ಶರೀರವನ್ನು ಹೇಗೆ ನೋಡಿಕೊಂಡೆ, ನೆರೆಯವನ ಶರೀರದ ಬಗ್ಗೆ ಏನು ಆಡಿದೆ ಎಂಬುದೂ ಆ ಕರ್ಮಗಳಲ್ಲಿ ಸೇರಿದೆ.

ಅಲ್ಲಾಹನು ನಮ್ಮ ರೋಗಿಗಳಿಗೆ ಪೂರ್ಣ ಶಿಫಾ ಕರುಣಿಸಲಿ. ನಮ್ಮ ಊಟದಲ್ಲೂ ಮಾತಿನಲ್ಲೂ ಸಮತೋಲನವನ್ನು ದಯಪಾಲಿಸಲಿ. ಆಮೀನ್.